ಸಾಲಿ ನೋಡಾಕ ಬಂದವರು

ಕಾಲೇಜಿನ ಕೆಲಸಕ್ಕೆ ಸೇರುವ ಮೊದಲು ನಾನು ಹುಲಿ ತೋರಿಸುವ ಕೆಲಸದಲ್ಲಿದ್ದೆ. ಹುಲಿ ಮಾತ್ರ ನನಗೇ ಒಂದು ಸಲವೂ ಕಂಡಿರಲಿಲ್ಲ.

ದಾಂಡೇಲಿಯಲ್ಲಿ ಜೀಪಿನ ಹಿಂದೆ ನಿಂತು ಪ್ರವಾಸಿಗರಿಗೆ ಕಾಡು ತೋರಿಸುವ ಹುಡುಗರು ಬೇಕಾದಷ್ಟಿದ್ದಾರೆ. ನಮ್ಮ ಗುಂಪಿಗೆ ಬರುವ ಹೊಸಬರಿಗೆ ಹಳಬರು ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಿದ್ದರು: ಯಾರು ಏನೇ ಕೇಳಲಿ, ‘ಇಲ್ಲ’ ಅನ್ನಬಾರದು. ‘ನಿನ್ನಿ ಇತ್ತು’ ಅನ್ನಬೇಕು. ಕರಿ ಚಿರತೆಯೇ? ನಿನ್ನೆ ಇದೇ ಮತ್ತಿ ಮರದ ಕೆಳಗೆ ಮೈ ನೆಕ್ಕುತ್ತ ಕೂತಿತ್ತು. ಮಂಗಟ್ಟೆ ಹಕ್ಕಿಯೇ? ನಿನ್ನೆ ಈ ಕೊಂಬೆ ಹಕ್ಕಿಗಳ ಭಾರಕ್ಕೆ ಬಾಗಿತ್ತು. ನಿನ್ನೆಯನ್ನು ಯಾರೂ ಹೋಗಿ ನೋಡಿ ಬರುವುದಿಲ್ಲ, ಹಾಗಾಗಿ ನಿನ್ನೆ ನಮ್ಮ ಸ್ವಂತ ಆಸ್ತಿ.

ನಾನು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಜೀಪು ನಿಂತಾಗ ಮೂತ್ರಕ್ಕೆ ಹೋಗುವ ನೆಪದಲ್ಲಿ ಇಳಿದು, ಹಸಿ ಮಣ್ಣಿನಲ್ಲಿ ಮುಷ್ಟಿ ಒತ್ತಿ, ಅದರ ಮುಂದೆ ನಾಲ್ಕು ಬೆರಳು ಊರಿ, ಹುಲಿಯ ಹೆಜ್ಜೆ ಮಾಡಿಟ್ಟು ಬರುತ್ತಿದ್ದೆ. ಹುಬ್ಬಳ್ಳಿಯಿಂದ ಬಂದಿದ್ದ ಒಂದು ಪುಟ್ಟ ಹುಡುಗಿ ಆ ಹೆಜ್ಜೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

“ಅಂಕಲ್, ಈ ಹುಲಿಗೆ ಎಡಗಾಲ ಇಲ್ಲೇನ್ರಿ?”

ಇರಲಿಲ್ಲ. ನನ್ನ ಎಡಗೈಯಲ್ಲಿ ಆಗ ಬಿಸ್ಕೀಟಿನ ಪೊಟ್ಟಣ ಇತ್ತು. ಬರೀ ಬಲಗಾಲಿನ ಮೇಲೆ ಕುಂಟುತ್ತ ಓಡಾಡುವ ಹುಲಿಯ ಹೆಜ್ಜೆಯ ಫೋಟೋ ಅವರಪ್ಪನ ಫೋನಿನಿಂದ ಹೊರಟು ಸಂಜೆಯೊಳಗೆ ಜಗತ್ತಿನ ಎಲ್ಲ ಫೋನುಗಳನ್ನೂ ಸುತ್ತಿ ಕೊನೆಗೆ ನಮ್ಮ ಮಾಲೀಕರ ಫೋನಿಗೆ ಬಂತು. ಮರುದಿನದಿಂದ ನನಗೆ ಜೀಪೂ ಇಲ್ಲ, ಕಾಡೂ ಇಲ್ಲ.

ಹಾಗೆ ಖಾಲಿ ಕೂತಿದ್ದಾಗ ನನ್ನನ್ನು ಕರೆಸಿಕೊಂಡವರು ಊರಾಚೆಯ ಒಂದು ಸಣ್ಣ ಖಾಸಗಿ ಪಿಯು ಕಾಲೇಜಿನ ಪ್ರಿನ್ಸಿಪಾಲರು. ಹತ್ತನೆಯದರ ಫಲಿತಾಂಶ ಬಂದಿತ್ತು. ಹಳ್ಳಿಹಳ್ಳಿಗೆ ಹೋಗಿ ಹುಡುಗರನ್ನು ಕರೆತರುವವರು ಅವರಿಗೆ ಬೇಕಾಗಿದ್ದರು.

“ನಿನಗ ಬಾಯಿ ಐತಿ,” ಅಂದರು. “ಆ ಬಾಯಿ ಸಲುವಾಗೇ ಕೆಲಸಾ ಹ್ವಾತಂತ ಕೇಳೇನಿ. ಅದ ಬಾಯಿಲೆ ಇಲ್ಲಿ ಕೆಲಸಾ ಮಾಡು.”

ಮಾಡಿದೆ. ಮುಂಡಗೋಡ ಕಡೆ ಪಾಳಾದಲ್ಲಿ ಒಬ್ಬ ಅಜ್ಜ ಕಾಲೇಜು ಎಷ್ಟು ದೂರ ಎಂದು ಕೇಳಿದರು. “ಇಲ್ಲೇ ಅಜ್ಜಾರ, ಕಣ್ಣ ಮುಚ್ಚಿ ತೆಗಿಯೂದ್ರಾಗ ದಾಂಡೇಲಿ,” ಎಂದೆ. ಅವರು ನಿಜವಾಗಿಯೂ ಕಣ್ಣು ಮುಚ್ಚಿ ತೆಗೆದರು. “ನಾನಂತೂ ಇನ್ನೂ ಪಾಳಾದಾಗ ಅದೇನಿ. ತಮ್ಮಾ, ದಾಂಡೇಲಿ ಎಲ್ಲೈತಂತ ನನಗ ಗೊತ್ತೈತಿ. ನಿನಗ ಗೊತ್ತೈತೇನು?” ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಎದ್ದೆ. ಆ ಊರಿನಿಂದ ಒಂದು ನರಪಿಳ್ಳೆಯೂ ನಮ್ಮ ಕಾಲೇಜಿಗೆ ಬರಲಿಲ್ಲ.

ಆಮೇಲೆ ಜೋಯಿಡಾ ಕಡೆ ತಿರುಗಿದೆ. ಕುಂಬಾರವಾಡದ ಹತ್ತಿರ ಕಾಡಂಚಿನಲ್ಲಿ ಒಂದು ಸಿದ್ದಿ ಕುಟುಂಬದ ಮನೆ. ಆ ಮನೆಯ ಎರಡನೆಯ ಮಗಳು ಹತ್ತನೆಯದರಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ, ಸೈನ್ಸ್ ಓದಬೇಕಂತೆ ಎಂದು ಯಾರೋ ಹೇಳಿದ್ದರು. ಹೋದಾಗ ಅವಳ ತಾಯಿ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದರು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನ ಮಾತಿಗಿಂತ ನನ್ನ ಮುಖವನ್ನೇ ಓದುತ್ತಿದ್ದಳು.

ಆ ಕಡೆ ಬಸ್ಸುಗಳು ಅಪರೂಪ. ನನ್ನ ವಾಪಸ್ ಬಸ್ಸು ಬರುವವರೆಗೆ ನಾನು ಆ ಅಂಗಳದಲ್ಲೇ ಕೂತಿರಬೇಕಿತ್ತು. ಅನಾಹುತ ಆಗಿದ್ದೇ ಅಲ್ಲಿ. ಬಸ್ಸು ತಡವಾದಷ್ಟೂ ನಮ್ಮ ಕಾಲೇಜಿನಲ್ಲಿ ಸೌಕರ್ಯಗಳು ಹೆಚ್ಚುತ್ತ ಹೋದವು. ಮೊದಲು ಲೈಬ್ರರಿ ಬಂತು. ನೀರು ಕುಡಿಯುವ ಹೊತ್ತಿಗೆ ದೊಡ್ಡ ಲ್ಯಾಬು ಬಂತು. ಮುರುಗಲ ಪಾನಕ ಕೊಟ್ಟರು, ಹೆಣ್ಣುಮಕ್ಕಳ ಹಾಸ್ಟೆಲು ಎದ್ದು ನಿಂತಿತು. ಬಸ್ಸು ಇನ್ನೂ ಸ್ವಲ್ಪ ತಡವಾಗಿದ್ದರೆ ದಾಂಡೇಲಿ ಹತ್ತಿರದ ಮೌಳಂಗಿಯ ಹೊಳೆಯನ್ನೇ ತಿರುಗಿಸಿ ಕಾಲೇಜಿನ ಹಿತ್ತಲಿಗೆ ತಂದುಬಿಡುತ್ತಿದ್ದೆ.

ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. “ಲ್ಯಾಬಿನ್ಯಾಗ ಏನೇನ ಅದಾವ್ರಿ?”

“ಎಲ್ಲಾ ಅದಾವ.”

“ಎಲ್ಲಾ ಅಂದ್ರ?”

“ಎಲ್ಲಾ ಅಂದ್ರ… ಎಲ್ಲಾ.”

“ನೀವು ಒಳಗ ಹೋಗೀರೇನು?”

ಹೋಗಿರಲಿಲ್ಲ. ಅದರ ಬಾಗಿಲು ಯಾವ ಬಣ್ಣದ್ದು ಎಂಬುದೂ ನನಗೆ ಗೊತ್ತಿರಲಿಲ್ಲ. “ದಿನಾ ಹೋಗತೇನಿ,” ಎಂದೆ.

ತಾಯಿ ಸಿಪ್ಪೆ ಹರಡುವುದನ್ನು ನಿಲ್ಲಿಸಿದರು. “ನೋಡ್ರಿ, ನನ್ನ ದೊಡ್ಡ ಮಗಳು ಹಿಂಗ ಬಂದವರೊಬ್ಬರ ಮಾತ ಕೇಳಿ ದೂರದ ಒಂದ ಸಾಲಿಗೆ ಹೋದ್ಲು. ಗಣಿತಕ್ಕ ಮಾಸ್ತರ ಅದಾರ ಅಂದಿದ್ರು. ಇಡೀ ವರ್ಷ ಮಾಸ್ತರ ಬರಲೇ ಇಲ್ಲ. ನಪಾಸಾದ್ಲು. ಈಗ ಹೋಮ್‌ಸ್ಟೇದಾಗ ಭಾಂಡೆ ತಿಕ್ಕಾಕ ಹೋಗತಾಳ. ಈಕಿದು ಹಂಗ ಆಗಬಾರ್ದು.”

“ಛೇ ಛೇ, ನಮ್ಮಲ್ಲಿ ಹಂಗೆಲ್ಲಾ ಇಲ್ರಿ ಅಕ್ಕಾರ.”

“ಇಲ್ಲಂದ್ರ ಛಲೋ ಆತು. ಮಗಳನ್ನ ಮದುವಿಗೆ ಕೊಡೂಮುಂದ ಮನಿ ನೋಡಾಕ ಹೋಗತೇವಿ. ಬಾವಿ ನೋಡತೇವಿ, ಅಡಗಿ ಮನಿ ನೋಡತೇವಿ. ಸಾಲಿಗೆ ಕೊಡೂಮುಂದ ಯಾಕ ನೋಡಬಾರ್ದು? ಈ ಸೋಮವಾರ ನನ್ನ ತಮ್ಮನ್ನ ಕರಕೊಂಡ ಬರತೇವಿ. ಅಂವಾ ದಾಂಡೇಲ್ಯಾಗ ಅದಾನ.”

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಇಷ್ಟು ತಡವಾಗಿ ಬಂದ ಬಸ್ಸಿನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಪ್ರಿನ್ಸಿಪಾಲರಿಗೆ ಸುದ್ದಿ ಹೇಳಿದರೆ ಅವರು ಪೆನ್ನಿನ ಮುಚ್ಚಳ ಹಾಕುವುದನ್ನೇ ಮರೆತರು. “ನೋಡಾಕ ಬರ್ತಾರ? ಲೇ, ನಮ್ಮಲ್ಲಿ ಮಂದಿ ಸೇರಾಕ ಬರ್ತಾರ. ನೋಡಾಕ ಯಾರೂ ಬಂದಿದ್ದಿಲ್ಲೋ ಇಲ್ಲೀತನಕ!”

ಅವರ ಡ್ರಾವರಿನಿಂದ ಕೀಲಿಗೊಂಚಲು ಇಸಿದುಕೊಂಡು ನಾನು ನನ್ನದೇ ಕಾಲೇಜನ್ನು ನೋಡಲು ಹೊರಟೆ. ಇಷ್ಟು ದಿನ ಊರೂರು ತಿರುಗಿ ನಾನು ಹೊಗಳಿದ ಜಾಗದೊಳಗೆ ಏನಿದೆ ಎಂಬ ಕುತೂಹಲ ನನಗೆ ಆಗ ಹುಟ್ಟಿತು. ಹಾಸ್ಟೆಲಿನಿಂದ ಶುರು ಮಾಡಿದೆ. ಹಿಂಬದಿಯಲ್ಲಿ ಕಂಬಗಳು ಎದ್ದಿದ್ದವು, ಮೇಲೆ ಕಬ್ಬಿಣದ ಸರಳುಗಳು ಜಡೆ ಹಾಕದ ಕೂದಲಿನ ಹಾಗೆ ಕೆದರಿದ್ದವು, ಕಂಬಗಳ ನಡುವೆ ಎರಡು ಎಮ್ಮೆಗಳು ಮಲಗಿದ್ದವು. ಅಷ್ಟರಮಟ್ಟಿಗೆ ಅದು ಹೆಣ್ಣುಮಕ್ಕಳ ಹಾಸ್ಟೆಲೇ ಆಗಿತ್ತು.

ಲೈಬ್ರರಿ ನಿಜಕ್ಕೂ ಇತ್ತು! ಅದು ಕಂಡಾಗ ನನಗೆ ಆದ ಆಶ್ಚರ್ಯ ಹುಲಿ ಕಂಡಿದ್ದರೂ ಆಗುತ್ತಿರಲಿಲ್ಲ. ಎರಡು ದೊಡ್ಡ ಕಿಟಕಿ, ಗಟ್ಟಿ ಮೇಜು, ಸಾಲು ಸಾಲು ಪುಸ್ತಕ. ಆದರೆ ತರಗತಿ ಬಿಟ್ಟ ಕೂಡಲೆ ಅದಕ್ಕೂ ಬೀಗ ಬೀಳುತ್ತಿತ್ತು.

ಕೊನೆಗೆ ಲ್ಯಾಬು. ಬಾಗಿಲು ಹಸಿರು ಬಣ್ಣದ್ದು. ಈಗ ಯಾರೇ ಕೇಳಿದರೂ ಹೇಳಬಲ್ಲೆ. ಒಳಗೆ ಬಾಟಲಿಯಲ್ಲಿ ಬಿಳಿಚಿಕೊಂಡ ಒಂದು ಹಾವು, ಮೈಕ್ರೋಸ್ಕೋಪಿನ ಡಬ್ಬಿಯಲ್ಲಿ ಹಲ್ಲಿಯ ಮೊಟ್ಟೆ, ಬಲಗೈ ಕಳೆದುಕೊಂಡ ಒಂದು ಅಸ್ಥಿಪಂಜರ. ಅದನ್ನು ಮಾತನಾಡಿಸಿದೆ: “ನಿನಗ ಬಲಗೈ ಇಲ್ಲ, ನನ್ನ ಹುಲಿಗೆ ಎಡಗಾಲ ಇಲ್ಲ.” ಒಂದು ಖಾನೆಯಲ್ಲಿ ಕಾಗದದಲ್ಲಿ ಸುತ್ತಿದ್ದ ಮೂರು ಮೂಲೆಯ ಗಾಜಿನ ತುಂಡು ಸಿಕ್ಕಿತು. ಒರೆಸಿ ಕಿಟಕಿಯ ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಬಣ್ಣಗಳು ಬಿದ್ದವು. ಕೈ ಸ್ವಲ್ಪ ತಿರುಗಿಸಿದರೆ ಬಣ್ಣ ಓಡಿ ಅಸ್ಥಿಪಂಜರದ ಪಕ್ಕೆಲುಬಿನ ಮೇಲೆ ಕೂತಿತು. ಆ ಗಾಜಿನ ಜೊತೆ ಆಡುತ್ತ ಮಧ್ಯಾಹ್ನದ ಊಟ ಮರೆತೆ. ಊಟ ಮರೆತದ್ದನ್ನು ನನ್ನ ಅವ್ವ ಇವತ್ತಿಗೂ ನಂಬುವುದಿಲ್ಲ.

ಗಾಜು ಹಿಡಿದುಕೊಂಡೇ ಪ್ರಿನ್ಸಿಪಾಲರ ಕೋಣೆಗೆ ಓಡಿದೆ. “ಸರ್, ಇದ್ಯಾಕ ಹಿಂಗ ಬಣ್ಣಾ ಬಿಡತೈತಿ? ಫಿಜಿಕ್ಸ್ ಸರ್ ಎಲ್ಲಿ ಕೂಡ್ತಾರ್ರಿ? ಕೇಳಬೇಕಾಗೇತಿ.”

ಅವರು ಫ್ಯಾನಿನ ಕಡೆ ನೋಡಿದರು. “ಅವರಿಗೆ ಸರಕಾರಿ ನೌಕರಿ ಆತು. ಬಿಟ್ಟ ಹೋದ್ರು. ಹೊಸಬರ್ನ ಹುಡುಕಾಕತ್ತೇವಿ.” ಆಮೇಲೆ ದನಿ ಇಳಿಸಿದರು. “ಸೋಮವಾರ ಬರೋ ಮಂದಿ ಮುಂದ ಆ ಮಾತ ನೀ ತಗೀಬ್ಯಾಡ.”

ಹೋಮ್‌ಸ್ಟೇಯಲ್ಲಿ ಭಾಂಡೆ ತಿಕ್ಕುವ ಆ ಹುಡುಗಿಯ ಅಕ್ಕ ನನಗೆ ಆಗ ನೆನಪಾದಳು. ಅವಳನ್ನು ನಾನು ನೋಡಿರಲೂ ಇಲ್ಲ.

ಸೋಮವಾರ ಅವರು ಮೊದಲ ಬಸ್ಸಿಗೇ ಬಂದರು. ತಾಯಿ ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟಿದ್ದರು, ಇನ್ನೂ ಮಡಿಕೆಯ ಗೆರೆಗಳಿದ್ದವು. ಹುಡುಗಿಯ ಮಾಮ ಮಿಲ್ಲಿನ ಕಡೆ ಕೂಲಿ ಮಾಡುವವನು, ಅರ್ಧ ದಿನ ರಜೆ ಹಾಕಿ ಬಂದಿದ್ದ. ಪ್ರಿನ್ಸಿಪಾಲರು ಸಂಭ್ರಮದಿಂದ ಚಹಾ ತರಿಸಿದರು.

ತಾಯಿ ಕಪ್ಪು ಮುಟ್ಟಲಿಲ್ಲ. “ಇರ್ಲಿ ಬಿಡ್ರಿ. ಮೊದಲ ನೋಡೂಣು. ಮನಿ ಮನಸಿಗೆ ಬರೂತನಾ ನಾವು ಅಲ್ಲಿ ಏನೂ ಬಾಯಾಗ ಹಾಕಂಗಿಲ್ಲ.”

ಮೂರು ಕಪ್ಪು ಚಹಾ ಮೇಜಿನ ಮೇಲೆ ಹಬೆಯಾಡುತ್ತ ಉಳಿದವು. ನಾನು ಹಳೆಯ ಅಭ್ಯಾಸದಂತೆ ಮುಂದೆ ನಡೆದೆ, ಕೈ ಎತ್ತಿ ಎಡಬಲ ತೋರಿಸುತ್ತ. ಜೀಪೊಂದೇ ಕಡಿಮೆ. ಮಾಮ ಗೋಡೆ ಬಡಿದು ನೋಡಿದ, ನಲ್ಲಿ ತಿರುಗಿಸಿದ, ಬೆಂಚಿನ ಮೇಲೆ ಕೂತು ಮೈ ಅಲ್ಲಾಡಿಸಿದ. ಬೆಂಚು ಕಿರುಗುಟ್ಟಿತು. “ಇದರ ಕಾಲ ಸಡ್ಲ ಐತಿ,” ಎಂದು ಮದುಮಗನ ಹಲ್ಲು ಎಣಿಸುವವನ ಗಂಭೀರತೆಯಲ್ಲಿ ಹೇಳಿದ.

“ಹಾಸ್ಟೆಲ್ ತೋರಸ್ರಿ,” ಎಂದರು ತಾಯಿ.

ಹಿಂಬದಿಗೆ ಕರೆದೊಯ್ದೆ. ಎಮ್ಮೆಗಳನ್ನು ಬೆಳಿಗ್ಗೆಯೇ ಓಡಿಸಿದ್ದೆ. ಅವು ತಮ್ಮ ಕೋಣೆಗೆ ವಾಪಸಾಗಿದ್ದವು. ಮಾಮ ಬಾಯಿ ಮುಚ್ಚಿ ನಕ್ಕ. “ಯಕ್ಕಾ, ಇಲ್ಲಿ ಅಡ್ಮಿಷನ್ ಆಗಲೇ ಆಗ್ಯಾವ ನೋಡು.”

ತಾಯಿ ನಗಲಿಲ್ಲ. “ಇವನ ಮನ್ಯಾಗ ಇರಸಬಹುದು,” ಎಂದು ತಮ್ಮನ ಕಡೆ ತೋರಿಸಿದರು. “ಆದ್ರ ಒಂದ ಖೋಲಿ, ಸಣ್ಣ ಹುಡುಗೂರು ಕೂಗಾಡತಾವ. ಓದಾಕ ಆಗಂಗಿಲ್ಲಂತನ ಹಾಸ್ಟೆಲ್ ಕೇಳಿದ್ದು.”

ಲ್ಯಾಬಿನಲ್ಲಿ ಮಾತ್ರ ನಾನು ಗೆದ್ದೆ ಅಂದುಕೊಂಡೆ. ಗಾಜಿನ ತುಂಡನ್ನು ಬಿಸಿಲಿಗೆ ಹಿಡಿದು ಬಣ್ಣಗಳನ್ನು ನೇರವಾಗಿ ಹುಡುಗಿಯ ಅಂಗೈ ಮೇಲೆ ಬೀಳಿಸಿದೆ. ಅವಳು ಅಂಗೈ ಮುಚ್ಚಿದಳು, ತೆರೆದಳು. ಬಣ್ಣ ಅಲ್ಲೇ ಇತ್ತು. ನನ್ನ ಕೈಯಿಂದ ಗಾಜು ತೆಗೆದುಕೊಂಡು ಒಳಗೆ ಇಣುಕಿದಳು, ತಿರುವಿದಳು, ಉಗುರಿನಿಂದ ಕೆರೆದಳು.

“ಬೆಳಕ ಬೆಳ್ಳಗ ಒಳಗ ಹೋತು. ಬಣ್ಣ ಎಲ್ಲಿಂದ ಬಂದ್ವು? ಗಾಜಿನ್ಯಾಗ ಇದ್ವೋ, ಬೆಳಕಿನ್ಯಾಗ ಇದ್ವೋ?”

ನಾನು ನಮ್ಮ ಹಿಂದೆಯೇ ಬಂದಿದ್ದ ಪ್ರಿನ್ಸಿಪಾಲರನ್ನು ನೋಡಿದೆ. ಅವರು ಇತಿಹಾಸ ಕಲಿಸುವವರು. ಅವರು ಹಾವಿನ ಬಾಟಲಿಯನ್ನು ನೋಡಿದರು.

“ನನಗ ಗೊತ್ತಿಲ್ಲ,” ಎಂದೆ.

“ಹಂಗಾರ ಯಾರ ಹೇಳತಾರ? ಫಿಜಿಕ್ಸ್ ಸರ್ ಅದಾರೇನ್ರಿ?”

ಬಾಯಿ ತೆರೆದೆ. ನಾಲಿಗೆಯ ತುದಿಗೆ ಆಗಲೇ ಬಂದು ಕೂತಿತ್ತು: ‘ನಿನ್ನಿ ಇದ್ರು.’ ಅದರಲ್ಲಿ ಪೂರಾ ಸುಳ್ಳೂ ಇರಲಿಲ್ಲ, ಅದೇ ಅದರ ಮಜಾ. ಪ್ರಿನ್ಸಿಪಾಲರು ನನಗೆ ಕಣ್ಣಿನಲ್ಲೇ ಏನೋ ಹೇಳುತ್ತಿದ್ದರು. ಆದರೆ ಹುಡುಗಿ ನನ್ನನ್ನು ನೋಡುತ್ತಿದ್ದ ರೀತಿ, ಅಯ್ಯೋ, ಆ ಹುಬ್ಬಳ್ಳಿಯ ಪುಟ್ಟ ಹುಡುಗಿ ಹುಲಿಯ ಹೆಜ್ಜೆಯನ್ನು ನೋಡಿದ ಹಾಗೆಯೇ ಇತ್ತು. ಕಾಲು ಎಣಿಸುತ್ತಿದ್ದಳು.

“ಇಲ್ಲ,” ಎಂದೆ.

ಕಸುಬಿಗೆ ಬಂದಾಗಿನಿಂದ ‘ಅದು ಇದೆಯಾ’ ಎಂದು ಕೇಳಿದವರಿಗೆ ನನ್ನ ಬಾಯಿಂದ ಹೊರಟ ಮೊದಲ ‘ಇಲ್ಲ’ ಅದು. ದನಿ ಎಷ್ಟು ವಿಚಿತ್ರವಾಗಿ ಬಂತೆಂದರೆ ಬೇರೆ ಯಾರೋ ಹೇಳಿದರೇನೋ ಎಂದು ನಾನೇ ಹಿಂದೆ ತಿರುಗಿ ನೋಡಿದೆ. ಹಿಂದೆ ಅಸ್ಥಿಪಂಜರ ನಿಂತಿತ್ತು. ಅದಕ್ಕೆ ಆ ಧೈರ್ಯ ಇದ್ದಂತೆ ಕಾಣಲಿಲ್ಲ.

ನನ್ನ ಎರಡನೆಯ ನೌಕರಿಯೂ ಬಾಗಿಲು ದಾಟಿ ಹೋಗುವುದು ನನಗೆ ಕಾಣಿಸುತ್ತಿತ್ತು. ಕೊನೆಗೆ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. “ಹೌದ್ರಿ. ಹಿಂದಿನವರು ಬಿಟ್ಟ ಹೋಗ್ಯಾರ. ಧಾರವಾಡದವರೊಬ್ಬರು ಬರತೇನಿ ಅಂದಾರ. ಬಂದ್ರ ಬಂದ್ರು. ಬರೂತನಾ ನಾನೂ ಖಾತ್ರಿ ಕೊಡಾಕ ಆಗಂಗಿಲ್ಲ.”

ತಾಯಿ ಮಗಳ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಅಂದರು, ಮಗಳು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ಸಿದ್ಧವಾಗಿ ನಿಂತೆ.

“ನಡ್ರಿ, ಛಾ ಕುಡಿಯೂಣು.”

“ಆಂ?”

“ಒಂದಕ್ಕಾದ್ರೂ ಇಲ್ಲ ಅಂದ್ರಲ್ಲಾ. ಇನ್ನ ನೀವು ಐತಿ ಅಂದಿದ್ದನ್ನ ಕೇಳಬಹುದು. ಅವತ್ತ ನಮ್ಮ ಅಂಗಳದಾಗ ನೀವು ಎಲ್ಲಾದಕ್ಕೂ ಐತಿ ಅಂದ್ರಿ, ಅವತ್ತ ನಾ ಏನೂ ಕೇಳಿಸಿಕೊಂಡಿಲ್ಲ. ಈಗ ಮೊದಲಿಂದ ಹೇಳ್ರಿ.”

ಚಹಾ ತಣ್ಣಗಾಗಿ ಮೇಲೆ ಕೆನೆಯ ಪದರು ಕಟ್ಟಿತ್ತು. ತಾಯಿ ಅದನ್ನೇ ಕುಡಿದರು, ಬಿಸಿ ಮಾಡಿಸಲು ಬಿಡಲಿಲ್ಲ. ನಾನು ಮೊದಲಿಂದ ಶುರು ಮಾಡಿದೆ. ಹಾಸ್ಟೆಲ್ ಇಲ್ಲ. ಮೈಕ್ರೋಸ್ಕೋಪ್ ಐತಿ, ಒಂದೇ, ಅದರೊಳಗೆ ಹಲ್ಲಿಯ ಸಂಸಾರ ಐತಿ. ಕೆಮಿಸ್ಟ್ರಿ ಮೇಡಂ ಅದಾರ, ಭಾಳ ಬೈತಾರ, ಛಲೋ ಕಲಸ್ತಾರ. ಗಣಿತದ ಸರ್ ಅದಾರ. ಹೆಣ್ಣುಮಕ್ಕಳ ಶೌಚಾಲಯ ಐತಿ, ನೀರು ಬರತೈತಿ, ಬಾಗಿಲಿನ ಚಿಲಕ ಕೆಟ್ಟೈತಿ. ಚಿಲಕದ ವಿಷಯ ಪ್ರಿನ್ಸಿಪಾಲರಿಗೂ ಹೊಸದು; ಅವರು “ಹೌದೇನೋ?” ಎಂದು ಕುರ್ಚಿಯಲ್ಲಿ ಮುಂದೆ ಬಾಗಿದರು. ಹೇಳುತ್ತ ಹೇಳುತ್ತ ನನಗೆ ಒಂಥರಾ ಖುಷಿ ಏರಿತು. ‘ಇಲ್ಲ’ ಎಂಬ ಮಾತು ಇಷ್ಟು ರುಚಿಯಾಗಿರುತ್ತದೆ ಎಂದು ಗೊತ್ತಿದ್ದರೆ ಜೀಪಿನಲ್ಲೇ ಹೇಳುತ್ತಿದ್ದೆ.

“ಲೈಬ್ರರಿ ಸಂಜೀತನಾ ತಗದಿರ್ತೈತೇನ್ರಿ?” ಹುಡುಗಿ ಕೇಳಿದಳು. “ಮಾಮನ ಮನ್ಯಾಗ ಮಲಗತೇನಿ. ಓದೂದು ಇಲ್ಲಿ ಓದತೇನಿ.”

“ಇಲ್ಲ,” ಎಂದೆ ಉತ್ಸಾಹದಲ್ಲಿ.

ಪ್ರಿನ್ಸಿಪಾಲರು ನನ್ನನ್ನು ದೀರ್ಘವಾಗಿ ನೋಡಿದರು. ನನ್ನ ಬಾಯಿಗೆ ತಕ್ಕ ಶಿಕ್ಷೆ ಅವರಿಗೆ ಹೊಳೆದದ್ದು ಆಗ. “ಇನ್ನ ಮ್ಯಾಲ ಇರತೈತಿ. ಇಂವಾ ಕೀಲಿ ಹಿಡಕೊಂಡ ದಿನಾ ಸಂಜೀತನಾ ಅಲ್ಲೇ ಕೂಡ್ತಾನ. ಬಾಯಿ ಮುಚ್ಚಿಕೊಂಡ.”

ಆದರೂ ಅವರು ಅವತ್ತು ಅಡ್ಮಿಷನ್ ಮಾಡಿಸಲಿಲ್ಲ. ಹೊರಡುವಾಗ ಹುಡುಗಿ ಗೇಟಿನ ಹತ್ತಿರ ನಿಂತಳು. “ಫಿಜಿಕ್ಸಿಗೆ ಯಾರಾರ ಬಂದ ದಿನ ಫೋನ್ ಮಾಡ್ರಿ. ಬಂದಾರಂತ ಅಲ್ಲ, ಪಾಠ ಶುರು ಮಾಡ್ಯಾರಂತ. ಅಲ್ಲೀತನಾ ಬ್ಯಾರೆ ಕಡೆ ನೋಡತೇವಿ.”

ಮಳೆ ಹಿಡಿಯಿತು. ಬೇರೆ ಸಬ್ಜೆಕ್ಟಿನ ಪಾಠಗಳು ಶುರುವಾದವು. ದಿನ ಬೆಳಗಾದರೆ ನಾನು ಗೇಟಿನಲ್ಲಿ ನಿಂತು ಧಾರವಾಡದ ಬಸ್ಸಿನ ದಾರಿ ನೋಡುತ್ತಿದ್ದೆ. ನನ್ನ ಲಗ್ನಕ್ಕೂ ನಾನು ಅಷ್ಟು ಕಾಯುವವನಲ್ಲ. ಅವಳು ಬೇರೆ ಎಲ್ಲೋ ಸೇರಿಬಿಟ್ಟರೆ ಎಂಬ ಚಿಂತೆ ಒಂದು ಕಡೆ, ಇಲ್ಲಿ ಸೇರಿ ಅಕ್ಕನ ಹಾಗೆ ಆದರೆ ಎಂಬ ಚಿಂತೆ ಇನ್ನೊಂದು ಕಡೆ. ಒಂದು ಬೆಳಿಗ್ಗೆ ಒದ್ದೆ ಛತ್ರಿ ಝಾಡಿಸುತ್ತ ಒಬ್ಬ ಮೇಡಂ ಬಂದರು. ಫಿಜಿಕ್ಸ್. ನಾನು ಫೋನ್ ಮಾಡಲಿಲ್ಲ. ಅವರು ಚಹಾ ಕುಡಿದರು, ಮಾಡಲಿಲ್ಲ. ಸಹಿ ಮಾಡಿದರು, ಆಗಲೂ ಮಾಡಲಿಲ್ಲ. ಅವರು ತರಗತಿಗೆ ಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣ ಊರಿದ ಸದ್ದು ಕೇಳಿದ ಮೇಲೆ ಕಿಟಕಿಯ ಹೊರಗೆ ನಿಂತು ಹುಡುಗಿಗೆ ಫೋನ್ ಹಚ್ಚಿದೆ.

ಆ ಹುಡುಗಿಯ ಮನೆಯಲ್ಲಿ ಸಿಗ್ನಲ್ ಇಲ್ಲ. ಗದ್ದೆಯಾಚೆ ಒಂದು ಬಂಡೆ ಇದೆ, ಅದರ ಮೇಲೆ ಹತ್ತಿದರೆ ಸಿಗುತ್ತದೆ. ಅದೃಷ್ಟಕ್ಕೆ ಆಗ ಅವಳು ಅಲ್ಲೇ ಇದ್ದಳು. ಕೊಡೆಯ ಮೇಲೆ ಮಳೆ ಬೀಳುವ ಸದ್ದು ನನಗೆ ಕೇಳುತ್ತಿತ್ತು.

“ಶುರು ಮಾಡ್ಯಾರ,” ಎಂದೆ.

“ಖರೇನ?”

ಫೋನನ್ನು ಕಿಟಕಿಯ ಸರಳಿನ ಒಳಗೆ ಚಾಚಿದೆ. ಕೈ ಸೋತಾಗ ಕೈ ಬದಲಿಸಿದೆ. ಎಡಗೈಯಲ್ಲಿ ಈ ಸಲ ಬಿಸ್ಕೀಟು ಇರಲಿಲ್ಲ. ಮೇಡಂ ಬೋರ್ಡಿನಿಂದ ಹೊರಳಿದವರು ಕಿಟಕಿಯಲ್ಲಿ ತೂಗುತ್ತಿದ್ದ ಕೈ ನೋಡಿ ಬೆಚ್ಚಿದರು.

“ಯಾರ್ರೀ ಅದು? ಏನ ನಡಸೀರಿ?”

“ಒಂದ ಹುಡುಗಿ ಕೇಳಾಕತ್ತಾಳ್ರಿ ಮೇಡಂ. ಕುಂಬಾರವಾಡದ ಕಡೆಯಿಂದ. ನೀವು ಖರೇನ ಬಂದೀರೋ ಇಲ್ಲೋ ಅಂತ.”

ಮೇಡಂ ಒಂದು ಗಳಿಗೆ ನನ್ನನ್ನೂ ಫೋನನ್ನೂ ನೋಡಿದರು. ಆಮೇಲೆ ಬಂದು ಫೋನು ತೆಗೆದುಕೊಂಡರು. “ಬಂದೇನವಾ. ಏನ ಕೇಳೂದೈತಿ ಕೇಳು.”

ಅವಳು ಏನು ಕೇಳಿದಳೆಂದು ನನಗೆ ಕೇಳಿಸಲಿಲ್ಲ, ಆದರೆ ಮೇಡಂ ಮುಖ ಅರಳಿದ್ದು ನೋಡಿ ಗೊತ್ತಾಯಿತು. “ಗಾಜಿನ್ಯಾಗ ಅಲ್ಲ, ಬೆಳಕಿನ್ಯಾಗನ ಇರ್ತಾವ. ಗಾಜು ಏನ ಮಾಡತೈತಿ ಅಂದ್ರ…” ಎಂದು ಶುರು ಮಾಡಿದರು. ಇಡೀ ತರಗತಿ ಪೆನ್ನು ಕೆಳಗಿಟ್ಟು ಕೇಳುತ್ತಿತ್ತು. ಕಿಟಕಿಯ ಹೊರಗೆ ನಾನೂ ಕಿವಿ ಚಾಚಿದ್ದೆ. ಅಷ್ಟರಲ್ಲಿ ಫೋನು ಕೂಂ ಅಂತು. ಬಂಡೆಯ ಮೇಲಿನ ಸಿಗ್ನಲ್ ಹೋಗಿತ್ತು.

ತಿರುಗಿ ತಿರುಗಿ ಹಚ್ಚಿದೆ, ಹತ್ತಲಿಲ್ಲ.

ಮರುದಿನ ಮೊದಲ ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಅವಳು ಕಾಣಿಸಿದಳು. ಹಿಂದೆ ತಾಯಿ ಕೊಡೆ ಮಡಚುತ್ತಿದ್ದರು. ಹುಡುಗಿಯ ಹೆಗಲಿಗೆ ಚೀಲ, ಸೊಂಟದವರೆಗೆ ಒದ್ದೆ. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬುದಿಲ್ಲ.

“ಮೇಡಂ ಎಲ್ಲಿ ಅದಾರ?”

“ನಿನ್ನಿ ಇದ್ರು,” ಎಂದೆ. ಹಾಳು ಚಟ, ತಾನಾಗಿಯೇ ಹೊರಬಿತ್ತು. ಅವಳ ಮುಖ ನೋಡಿ ಗಾಬರಿಯಾಗಿ ತಕ್ಷಣ ಸೇರಿಸಿದೆ. “ಇವತ್ತೂ ಅದಾರ! ಒಳಗ, ಎಡಕ್ಕ ಎರಡನೇ ಖೋಲಿ. ಕಡೀ ಬೆಂಚಿನ ಮ್ಯಾಲ ಕೂಡಬ್ಯಾಡ, ಅದರ ಕಾಲ ಇನ್ನೂ ಸಡ್ಲ ಐತಿ.”